ನೀರಿನ ಟ್ಯಾಂಕಿನ ಹಿಂದೆ ಇದ್ದ ಮೋಡ

ಬನಶಂಕರಿ, ಟೆರೇಸಿನ ಮೇಲೆ

ಆಫ್ರಿಕಾದ ನಮೀಬಿಯಾಕ್ಕೆ ಯಾಕೆ ಹೋಗಿದ್ದೆ ಎಂದು ಕೇಳಿದವರಿಗೆಲ್ಲ ನಾನು ಕೊಡುವ ಉತ್ತರ ಒಂದೇ. ಬನಶಂಕರಿಯಲ್ಲಿ ಪಕ್ಕದ ಮನೆಯವರ ನೀರಿನ ಟ್ಯಾಂಕು ಅಡ್ಡ ಬಂದಿತ್ತು.

ಜನ ನಗುತ್ತಾರೆ. ಆದರೆ ಇದು ನಿಜ. ಬನಶಂಕರಿ ಎರಡನೇ ಹಂತದಲ್ಲಿ ರಾಮಚಂದ್ರ ಸಾರ್ ಅವರ ಮನೆ ಇದೆ. ವಿಮಾ ಕಚೇರಿಯಿಂದ ನಿವೃತ್ತರಾದವರು. ಅವರಿಗೆ ಆಕಾಶದ ಫೋಟೋ ತೆಗೆಯುವ ಹುಚ್ಚು. ಟೆರೇಸಿನ ಮೇಲೆ ಟೆಲಿಸ್ಕೋಪು ಇಟ್ಟು, ಅದರ ಹಿಂಭಾಗಕ್ಕೆ ಕ್ಯಾಮೆರಾ ಸಿಕ್ಕಿಸಿ, ಬೀದಿದೀಪದ ಬೆಳಕನ್ನು ಬೈಯುತ್ತ ಎಂಟು ವರ್ಷದಿಂದ ಫೋಟೋ ತೆಗೆದಿದ್ದಾರೆ. ಒಂದು ಮಾತ್ರ ಬಾಕಿ ಉಳಿದಿತ್ತು. ಅದಕ್ಕೆ ದೊಡ್ಡ ಮೆಗೆಲ್ಲಾನಿಕ್ ಮೋಡ ಎಂದು ಹೆಸರು. ಹೆಸರಿಗೆ ಮಾತ್ರ ಮೋಡ. ನಿಜದಲ್ಲಿ ಅದು ಕೋಟಿಗಟ್ಟಲೆ ನಕ್ಷತ್ರಗಳು ಒಂದೇ ಕಡೆ ನೆಲೆಸಿರುವ ದೊಡ್ಡ ಊರು. ಬೆಂಗಳೂರಿನಿಂದ ನೋಡಿದರೆ ದಕ್ಷಿಣದಲ್ಲಿ ನೆಲಕ್ಕೆ ಅಂಟಿಕೊಂಡಂತೆ ಸ್ವಲ್ಪ ಹೊತ್ತು ಬಂದು ಮುಳುಗುತ್ತದೆ. ಅದು ಬರುವ ಜಾಗದಲ್ಲೇ ಪಕ್ಕದ ಮನೆಯವರು ಕಪ್ಪು ಟ್ಯಾಂಕು ಕೂರಿಸಿದ್ದರು.

"ಟ್ಯಾಂಕ್ ಹಿಂದೇನೇ ಇದೆ ಸಂಗಣ್ಣ, ಇಲ್ಲೇ ಇದೆ. ಎಂಟು ವರ್ಷದಿಂದ ಇಲ್ಲೇ ಇದೆ" ಎಂದು ಸಾರ್ ಆ ಕಡೆಗೆ ಕೈ ತೋರಿಸಿ ಹೇಳುತ್ತಿದ್ದರು. ಪಕ್ಕದ ಮನೆಯವರು ತಮ್ಮ ಟ್ಯಾಂಕಿನಲ್ಲಿ ಏನೋ ಬಿದ್ದಿದೆಯೆಂದು ಎರಡು ಸಲ ಹತ್ತಿ ನೋಡಿದ್ದೂ ಉಂಟು.

ಸಂಗಣ್ಣ ಅಂದರೆ ನಾನು. ಊರು ತಾಳಿಕೋಟೆ ಹತ್ತಿರ. ಬಿಟಿಎಂನಲ್ಲಿ ಬಾಡಿಗೆ ಮನೆ, ಜಯನಗರ ನಾಲ್ಕನೇ ಬ್ಲಾಕಿನ ಒಂದು ಕನ್ನಡಕದ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ. ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಸ್ಕ್ರೂ ಬಿಗಿ ಮಾಡಿ ಕೊಡುವವನು. ಬಂದಾಗ ನನಗೆ ನಾಲ್ಕನೇ ಇಯತ್ತೆಯವರೆಗಿನ ಕನ್ನಡ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ ಕಲಿತದ್ದು ಅಂಗಡಿಯ ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಬೋರ್ಡಿನಿಂದ. ದಿನಾ ಗಿರಾಕಿಗಳು ಜೋರಾಗಿ ಓದುತ್ತಿದ್ದರು, ನಾನು ಮೂಲೆಯಲ್ಲಿ ಗಾಜು ಉಜ್ಜುತ್ತ ಹೇಳಿಕೊಳ್ಳುತ್ತಿದ್ದೆ. ಆಮೇಲೆ ತಿಲಕ್ ನಗರದಲ್ಲಿ ಸಂಜೆ ಟ್ಯೂಷನ್ನಿಗೆ ಹೋಗಿ ಮೂವತ್ತೊಂದನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾದೆ. ಈ ಬರಹವನ್ನೂ ಒಂದೇ ಬೆರಳಿನಲ್ಲಿ ಫೋನಿನಲ್ಲಿ ಕುಟ್ಟುತ್ತಿದ್ದೇನೆ.

ರಾಮಚಂದ್ರ ಸಾರ್ ಒಂದು ದಿನ ಕನ್ನಡಕದ ಸ್ಕ್ರೂ ಹಾಕಿಸಲು ಬಂದವರು ನನ್ನ ಕೈಯನ್ನೇ ನೋಡುತ್ತ ನಿಂತರು. "ನಿಂಗೆ ಕೈ ನಡುಗೋದೇ ಇಲ್ವಲ್ಲಯ್ಯ. ಸಂಜೆ ಮನೆ ಕಡೆ ಬರ್ತೀಯಾ?" ಎಂದರು. ಅಲ್ಲಿಂದ ನಾಲ್ಕು ವರ್ಷ ಅವರ ಟೆಲಿಸ್ಕೋಪಿನ ಫೋಕಸ್ ನನ್ನ ಕೆಲಸ. ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ನಕ್ಷತ್ರ ದಪ್ಪವಾಗಿ ಫೋಟೋ ಕೆಡುತ್ತದೆ. ನಾನು ತೆಳು ಪ್ಲಾಸ್ಟಿಕ್ಕಿನಲ್ಲಿ ಗೆರೆಗೆರೆಯಾಗಿ ಕತ್ತರಿಸಿ ಒಂದು ಜಾಲರಿ ಮಾಡಿದ್ದೆ. ಅದನ್ನು ಟೆಲಿಸ್ಕೋಪಿನ ಬಾಯಿಗೆ ಮುಚ್ಚಿದರೆ ನಕ್ಷತ್ರ ಮೂರು ಬೆಳಕಿನ ಗೆರೆಯಾಗಿ ಒಡೆಯುತ್ತದೆ. ಲ್ಯಾಪ್‌ಟಾಪು ನೋಡಿಕೊಂಡು ಗುಂಡಿ ತಿರುಗಿಸುವುದು, ನಡುವಿನ ಗೆರೆ ಸರಿಯಾಗಿ ಮಧ್ಯಕ್ಕೆ ಬಂದ ಕೂಡಲೇ ನಿಲ್ಲಿಸುವುದು, ಫೋಕಸ್ ಮತ್ತೆ ಕದಲದಂತೆ ಟೆಲಿಸ್ಕೋಪಿನ ಅಡಿಯಲ್ಲಿರುವ ಸ್ಕ್ರೂ ಬಿಗಿ ಮಾಡುವುದು. ಸ್ಕ್ರೂ ಬಿಗಿ ಮಾಡುವ ಕೆಲಸ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮೀಬಿಯಾದ ಮಾತು ಬಂದಾಗ ಸಾರ್ ನನ್ನ ಪಾಸ್‌ಪೋರ್ಟನ್ನೂ ಮಾಡಿಸಿದರು. "ಫೋಕಸ್ ಮಾಡೋನು ಇಲ್ದೆ ಹೋಗೋಕಾಗುತ್ತಾ?" ಎಂದರು. ಆ ಮಾತನ್ನು ನಾನು ಮನೆಯಲ್ಲಿ ಹೆಂಡತಿ ಶಾಂತಾಗೆ ಮೂರು ಸಲ ಹೇಳಿದೆ.

ಹೊರಡಲು ಎರಡು ದಿನ ಇದ್ದಾಗ ಒಂದು ಪಾರ್ಸೆಲ್ ಬಂತು. ಒಳಗೆ ಬೆಂಕಿಪೊಟ್ಟಣದ ಎರಡರಷ್ಟಿದ್ದ ಒಂದು ಮೋಟಾರು. ಆಟೋ ಫೋಕಸ್. ಅದು ಫೋಕಸ್ ಗುಂಡಿಯನ್ನು ತಾನೇ ಸ್ವಲ್ಪ ಸ್ವಲ್ಪ ತಿರುಗಿಸಿ ಪ್ರತಿ ಸಲವೂ ಒಂದು ಫೋಟೋ ತೆಗೆಸುತ್ತದೆ. ಲ್ಯಾಪ್‌ಟಾಪು ಪ್ರತಿ ಫೋಟೋದಲ್ಲೂ ನಕ್ಷತ್ರ ಎಷ್ಟು ದಪ್ಪ ಎಂದು ಅಳೆದು, ಎಲ್ಲಿ ಅತಿ ಸಣ್ಣದಾಗಿತ್ತೋ ಅಲ್ಲಿಗೆ ಮೋಟಾರನ್ನು ವಾಪಸು ತರುತ್ತದೆ. ಬೆಂಗಳೂರಿನಲ್ಲಿ ಮಳೆ ಮೋಡ. ಹಾಗಾಗಿ ಊಟದ ಟೇಬಲ್ಲಿನ ಮೇಲೆ ಬರಿಯ ಮೋಟಾರನ್ನು ತಿರುಗಿಸಿ ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು.

"ನಿಂಗೂ ಇನ್ಮೇಲೆ ರೆಸ್ಟ್ ಸಂಗಣ್ಣ" ಎಂದರು ಸಾರ್, ಪ್ರೀತಿಯಿಂದಲೇ.

ಶಾಂತಾ ಜೋಳದ ಖಡಕ್ ರೊಟ್ಟಿ ಕಟ್ಟುತ್ತ ಕೇಳಿದಳು: "ಆ ಮಷಿನ್ನs ಎಲ್ಲಾ ಮಾಡೂದಾದ್ರ ನಿಮ್ಮನ್ಯಾಕ ಕರಕೊಂಡ ಹೊಂಟಾರ?"

ಇಡೀ ಪ್ರಯಾಣದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಆ ಪ್ರಶ್ನೆ ಒಂದೇ.

ವಿಮಾನ ನಿಲ್ದಾಣ

ಆಕಾಶದ ಫೋಟೋಗೆ ಚಂದ್ರನಿಲ್ಲದ ರಾತ್ರಿ ಬೇಕು. ಹಾಗಾಗಿ ಸಾರ್ ಆರಿಸಿಕೊಂಡದ್ದು ಮಹಾಲಯ ಅಮಾವಾಸ್ಯೆಯ ವಾರ. ಅವರ ಮನೆಯಾಕೆ ಸರೋಜಮ್ಮ ಬಾಗಿಲಲ್ಲೇ ನಿಂತು, "ಪಿತೃಪಕ್ಷದಲ್ಲಿ ಯಾರೂ ಹೊಸಿಲು ದಾಟಲ್ಲ, ಇವರು ಸಮುದ್ರ ದಾಟ್ತಾರಂತೆ" ಎಂದರು.

"ಹುಣ್ಣಿಮೇಲಿ ಹೋದ್ರೆ ಚಂದ್ರನ್ನ ನೋಡ್ಕೊಂಡು ಬರ್ಬೇಕು ಕಣೇ. ಅವನು ಇಲ್ಲೂ ಇದಾನೆ" ಎಂದು ಸಾರ್ ಟ್ಯಾಕ್ಸಿ ಹತ್ತಿದರು.

ನಮ್ಮ ಜೊತೆ ಮೂರನೆಯವರು ವಾಣಿ ಮೇಡಂ. ಜೆಪಿ ನಗರದಲ್ಲಿ ಹಲ್ಲಿನ ಡಾಕ್ಟರು, ಸಾರ್ ಅವರಿಗೆ ದೂರದ ಸಂಬಂಧಿ, ಲ್ಯಾಪ್‌ಟಾಪಿನ ಕೆಲಸ ಎಲ್ಲ ಅವರದು. ತಪಾಸಣೆಯ ಹೆಣ್ಣುಮಗಳು ನನ್ನ ಚೀಲದಿಂದ ಜಾಲರಿಯನ್ನು ತೆಗೆದು ಬೆಳಕಿಗೆ ಹಿಡಿದಳು.

"ಇದೇನಿದು ಅಂಕಲ್?"

ಸಾರ್ ಮುಂದೆ ಬಂದು ಬೆಳಕು ಹೇಗೆ ಬಾಗುತ್ತದೆ ಎಂಬಲ್ಲಿಂದ ಶುರು ಮಾಡಿದರು. ಹಿಂದಿನ ಸಾಲು ಬೆಳೆಯಿತು. ಆಕೆ ಇನ್ನೊಬ್ಬ ಅಧಿಕಾರಿಯನ್ನು ಕರೆದಳು. ಆಗ ವಾಣಿ ಮೇಡಂ ನಡುವೆ ತಲೆ ಹಾಕಿ, "ಚಕ್ಕುಲಿ ಒರಳಿನ ಬಿಲ್ಲೆ ಮೇಡಂ. ಅಲ್ಲಿ ನಮ್ಮವರಿಗೆ ಹಬ್ಬಕ್ಕೆ" ಎಂದರು.

"ಓ, ದೊಡ್ಡ ಸೈಜು" ಎಂದು ಆಕೆ ಒಪ್ಪಿ ಬಿಟ್ಟುಬಿಟ್ಟಳು. ನನ್ನ ನಾಲ್ಕು ವರ್ಷದ ಸಾಧನ ಚಕ್ಕುಲಿ ಬಿಲ್ಲೆಯಾಗಿ ದೇಶ ಬಿಟ್ಟಿತು. ಮೋಟಾರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಗೇಟುಗಳ ದಾರಿ

ನಮೀಬಿಯಾದಲ್ಲಿ ನೆಲ ಬಹಳ ಇದೆ, ಜನ ಇಲ್ಲ. ಕಾರಿನಲ್ಲಿ ಒಂದು ಗಂಟೆ ಹೋದರೂ ಎದುರಿಗೆ ಒಬ್ಬ ಮನುಷ್ಯ ಸಿಗಲಿಲ್ಲ. ಬಿಟಿಎಂನಲ್ಲಿ ನಾನು ಹಾಲಿನ ಪ್ಯಾಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ನೂರು ಜನರ ಭುಜ ತಾಗುತ್ತದೆ. ಇಲ್ಲಿ ದೂರದಲ್ಲಿ ಧೂಳು ಎದ್ದರೆ "ಯಾರೋ ಬಂದ್ರು, ಯಾರೋ ಬಂದ್ರು" ಎಂದು ನಾವು ಮೂವರೂ ಕಿಟಕಿಗೆ ಬೀಳುತ್ತಿದ್ದೆವು. ಹತ್ತಿರ ಬಂದ ಡ್ರೈವರು ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿ ನಮಸ್ಕಾರ ಮಾಡಿ ಹೋಗುತ್ತಿದ್ದ. ಸಾರ್ ಪ್ರತಿ ಸಲವೂ ಎರಡೂ ಕೈ ಎತ್ತಿ ಮುಗಿಯುತ್ತಿದ್ದರು. ಕಾರು ಓಡಿಸುತ್ತಿದ್ದುದು ಅವರೇ. ಮೂರನೇ ನಮಸ್ಕಾರಕ್ಕೆ ಕಾರು ಮುಳ್ಳಿನ ಪೊದೆಗೆ ಹೋಯಿತು. ಆಮೇಲೆ ವಾಣಿ ಮೇಡಂ ಓಡಿಸಿದರು.

ದನ ಸಾಕುವ ದೊಡ್ಡ ತೋಟವೊಂದರಲ್ಲಿ ನಮಗೆ ವಸತಿ. ಕತ್ತಲೆ ಹುಡುಕಿಕೊಂಡು ಬರುವ ನಮ್ಮಂಥವರಿಗೇ ಅಲ್ಲಿ ಕೋಣೆಗಳಿವೆ. ಮುಖ್ಯ ರಸ್ತೆಯಿಂದ ಮನೆಯವರೆಗೆ ಏಳು ಗೇಟು. ಇಳಿದು ತೆರೆಯುವುದು, ಕಾರು ದಾಟಿದ ಮೇಲೆ ಮುಚ್ಚುವುದು ನನ್ನ ಪಾಲಿಗೆ ಬಂತು. ಒಂದು ಕೆಲಸ ಸಿಕ್ಕಿತಲ್ಲ ಎಂದು ನನಗೆ ಖುಷಿಯೇ. ಐದನೇ ಗೇಟು ಮೊದಲೇ ತೆರೆದಿತ್ತು. ಯಾರೋ ಮರೆತಿದ್ದಾರೆ ಪಾಪ ಎಂದು ಅದನ್ನೂ ಚೆನ್ನಾಗಿ ಮುಚ್ಚಿ ಸರಪಳಿ ಸುತ್ತಿದೆ.

ಮನೆ ನೋಡಿಕೊಳ್ಳುವವರು ಹಿಲ್ಮಾ ಎಂಬ ಹೆಂಗಸು. ಐವತ್ತರ ಹತ್ತಿರದವರು, ಗಟ್ಟಿ ಆಳು. ಬಾಗಿಲಲ್ಲಿ ನಿಂತು "ನಮಸ್ಕಾರ, ಹೇಗಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸಾರ್ "ಪ್ಲಗ್ ಪಾಯಿಂಟ್ ಎಲ್ಲಿದೆ?" ಎಂದರು.

"ನಮಸ್ಕಾರ. ಹೇಗಿದ್ದೀರಿ?"

"ಟೆಲಿಸ್ಕೋಪಿಗೆ ಕರೆಂಟು ಬೇಕು. ಪ್ಲಗ್ ಪಾಯಿಂಟ್."

"ನಮಸ್ಕಾರ" ಎಂದರು ಹಿಲ್ಮಾ ಮೂರನೇ ಸಲ, ಮಗುವಿಗೆ ಹೇಳುವ ಹಾಗೆ. "ಹೇಗಿದ್ದೀರಿ?"

ನನಗೆ ಆಗ ಗೊತ್ತಾಯಿತು. ನಮ್ಮ ಕಡೆಯೂ ಹಾಗೆಯೇ. ಮನೆ, ಮಳೆ, ದನ ಎಲ್ಲ ವಿಚಾರಿಸದೆ ಬಂದ ಕೆಲಸ ಹೇಳಿದರೆ ಅವನಿಗೆ ತಾಯಿ ತಂದೆ ಬುದ್ಧಿ ಹೇಳಿಲ್ಲ ಎನ್ನುತ್ತಾರೆ. ನಾನು ಮುಂದೆ ಹೋಗಿ ನನ್ನ ಅಂಗಡಿ ಇಂಗ್ಲಿಷಿನಲ್ಲಿ ಚೆನ್ನಾಗಿದ್ದೇವೆ, ನೀವು ಹೇಗಿದ್ದೀರಿ, ಮಕ್ಕಳು ಹೇಗಿದ್ದಾರೆ, ಮಳೆ ಆಯಿತೇ ಎಂದು ಕೇಳಿದೆ. ಹಿಲ್ಮಾ ಮುಖ ಅರಳಿತು. ಮಳೆಯ ಬಗ್ಗೆಯೇ ಬಹಳ ಹೊತ್ತು ಹೇಳಿದರು. ಎಲ್ಲ ಮುಗಿದ ಮೇಲೆ "ಪ್ಲಗ್ ಅಲ್ಲಿದೆ" ಎಂದು ಸಾರ್ ಕಡೆ ನೋಡಿ ಬೆರಳು ಮಾಡಿದರು. ಅದು ಸಾರ್ ಕಾಲ ಬುಡದಲ್ಲೇ ಇತ್ತು.

ಸಂಜೆ ಅವರು ಒಂದು ನಿಯಮ ಹೇಳಿದರು. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ಯಾರೋ ಐದನೇ ಗೇಟು ಮುಚ್ಚಿದ್ದರಂತೆ, ಆಳನ್ನು ಕಳಿಸಿ ತೆಗೆಸಿದರಂತೆ. ನಾನು ರೊಟ್ಟಿ ಮುರಿಯುತ್ತ ತಲೆ ಬಗ್ಗಿಸಿಕೊಂಡಿದ್ದೆ.

ಮೊದಲನೇ ರಾತ್ರಿ, ಎರಡನೇ ರಾತ್ರಿ

ಒಟ್ಟು ಐದು ರಾತ್ರಿ ನಮ್ಮ ಕೈಯಲ್ಲಿ. ಸಾರ್ ಎಂಟು ವರ್ಷದ ಆಸೆ ಆ ಐದು ರಾತ್ರಿಯಲ್ಲಿ ತೀರಬೇಕು.

ಅಲ್ಲಿನ ಕತ್ತಲೆ ನಮ್ಮ ಕರೆಂಟು ಹೋದಾಗಿನ ಕತ್ತಲೆಯಂಥದ್ದಲ್ಲ. ನನ್ನ ಕೈ ನನಗೆ ಕಾಣುತ್ತಿರಲಿಲ್ಲ. ಬೀದಿದೀಪವಿಲ್ಲ, ಟೆರೇಸಿನ ಲೈಟು ಆರಿಸಿ ಎಂದು ಬೇಡಿಕೊಳ್ಳಲು ಪಕ್ಕದ ಮನೆಯೂ ಇಲ್ಲ. ಸಾರ್ ಸುಮ್ಮನೆ ಕತ್ತೆತ್ತಿ ನಿಂತುಬಿಟ್ಟರು. ವಾಣಿ ಮೇಡಂ "ಅಯ್ಯೋ ದೇವ್ರೇ, ನೋಡಿ ಅಂಕಲ್, ಅಲ್ನೋಡಿ" ಎನ್ನುತ್ತಿದ್ದರು. ನಾನು ಮೇಲೆ ನೋಡಲಿಲ್ಲ. ಕೆಂಪು ಟಾರ್ಚಿನ ಬೆಳಕಿನಲ್ಲಿ ಕ್ಯಾಮೆರಾ ಕೂರಿಸಿ, ಜಾರದಿರಲಿ ಎಂದು ಎಲ್ಲ ಸ್ಕ್ರೂ ಬಿಗಿ ಮಾಡಿ, ಮೋಟಾರಿನ ಪಕ್ಕದಲ್ಲಿ ಕೈಕಟ್ಟಿ ನಿಂತೆ.

ಹನ್ನೊಂದರ ಮೇಲೆ ನಮ್ಮ ಮೋಡ ಮೇಲೆ ಬಂತು. ವಾಣಿ ಮೇಡಂ ಬಟನ್ ಒತ್ತಿದರು. ಮೋಟಾರು ಗುಂಯ್ ಎಂದಿತು. ಫೋಟೋ. ಮತ್ತೆ ಗುಂಯ್. ಫೋಟೋ. ಲ್ಯಾಪ್‌ಟಾಪಿನ ಮೇಲೆ ಚುಕ್ಕಿಗಳು ಬರುತ್ತವೆ, ಅವು ಬಾವಿಯ ಮೆಟ್ಟಿಲಿನ ಹಾಗೆ ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತಬೇಕು, ಕೆಳಗಿನ ಮೆಟ್ಟಿಲೇ ಸರಿಯಾದ ಫೋಕಸ್ ಎಂದು ಮೇಡಂ ವಿವರಿಸಿದ್ದರು. ಬಂದದ್ದು ಒಂಬತ್ತು ಚುಕ್ಕಿ, ಒಂದೇ ಸಾಲು, ಹಾಸಿದ ಚಾಪೆಯ ಹಾಗೆ. ಕೆಳಗೆ ಕೆಂಪಕ್ಷರದಲ್ಲಿ ಫೋಕಸ್ ಸಿಗಲಿಲ್ಲ ಎಂದು ಬಂತು.

ಮತ್ತೆ ಒತ್ತಿದರು. ಮತ್ತೆ ಚಾಪೆ.

"ಮೋಟರ್ ತಿರುಗ್ತಿದೆ ಅಂಕಲ್, ಸೌಂಡ್ ಬರ್ತಿದೆಯಲ್ಲ. ಸಾಫ್ಟ್‌ವೇರ್ ಪ್ರಾಬ್ಲಮ್ಮು" ಎಂದು ಮೇಡಂ ಬೆಳಗಿನವರೆಗೆ ಅದನ್ನು ಅಳಿಸಿ ಹಾಕಿದರು, ಹಾಕಿ ಅಳಿಸಿದರು.

ಬೆಳಗ್ಗೆ ನಾನು ಎಂದಿನಂತೆ ಸ್ಕ್ರೂಗಳನ್ನೆಲ್ಲ ಸಡಿಲ ಮಾಡಿ, ಕ್ಯಾಮೆರಾ ತೆಗೆದು, ಬಟ್ಟೆ ಹೊದಿಸಿ ಮಲಗಿದೆ. ಮಧ್ಯಾಹ್ನ ಮೇಡಂ ಕ್ಯಾಮೆರಾ ಹಾಕಿ ದೂರದ ಮರವನ್ನು ನೋಡಿದರು. ಮೋಟಾರು ಚೆನ್ನಾಗಿ ಹಿಂದೆ ಮುಂದೆ ಹೋಯಿತು, ಮರ ಮಸುಕಾಯಿತು, ಸ್ಪಷ್ಟವಾಯಿತು. ಸಂಜೆ ನಾನು ಬಂದು ಎಲ್ಲ ಸರಿಯಾಗಿ ಬಿಗಿ ಮಾಡಿದೆ. ರಾತ್ರಿ ಮತ್ತೆ ಚಾಪೆ.

"ಹಗಲು ಕೆಲ್ಸ ಮಾಡುತ್ತೆ, ರಾತ್ರಿ ಮಾಡಲ್ಲ" ಎಂದರು ಸಾರ್. "ನಮ್ಮಾಫೀಸಲ್ಲಿ ಇಂಥೋರಿದ್ರು. ಆದ್ರೆ ಅವ್ರಿಗೆ ರಾತ್ರಿ ಡ್ಯೂಟಿ ಇರ್ಲಿಲ್ಲ."

"ಚಳಿ ಅಂಕಲ್. ಮಧ್ಯಾಹ್ನ ಸುಡ್ತಿತ್ತು, ಈಗ ನೋಡಿ, ನನ್ನ ಹಲ್ಲೇ ಕಟಕಟ ಅಂತಿದೆ. ಮೋಟರ್ ಚಳಿಗೆ ಹಿಡ್ಕೊಳ್ತಿದೆ."

ಸಾರ್ ತಲೆಯಲ್ಲಿದ್ದ ಮಂಕಿ ಕ್ಯಾಪ್ ತೆಗೆದು ಮೋಟಾರಿಗೆ ತೊಡಿಸಿದರು. ಸರೋಜಮ್ಮ ಹೆಣೆದ ಕ್ಯಾಪು. ಕಂದು ಬಣ್ಣದ ಆ ಕ್ಯಾಪಿನೊಳಗಿಂದ ಗುಂಯ್ ಎಂದು ಕೇಳುತ್ತಿತ್ತು. ರಾತ್ರಿಯೆಲ್ಲ ಸಾರ್ ಬೋಳು ತಲೆಗೆ ಟವೆಲು ಸುತ್ತಿಕೊಂಡು ಕೂತಿದ್ದರು. ಎರಡು ರಾತ್ರಿ ಹಾಗೆ ಹೋದವು.

ಮೂರನೇ ರಾತ್ರಿ

ಮೂರನೇ ರಾತ್ರಿ ಅಮಾವಾಸ್ಯೆ. ಹನ್ನೊಂದೂವರೆಗೆ ಮತ್ತೆ ಚಾಪೆ ಬಂದ ಮೇಲೆ ಸಾರ್ ನನ್ನ ಕಡೆ ತಿರುಗಿದರು.

"ಸಂಗಣ್ಣ, ನಿನ್ನ ಚಕ್ಕುಲಿ ಬಿಲ್ಲೆ ತಂದಿದ್ದೀಯಲ್ಲ?"

ನನ್ನ ಎದೆ ಹೇಗೆ ಉಬ್ಬಿತು ಎಂದು ಹೇಳಲಾರೆ. ಸ್ಕ್ರೂ ಸಡಿಲ ಮಾಡಿ, ಜಾಲರಿ ಮುಚ್ಚಿ, ಜೋರಾಗಿ ಹೊಳೆಯುವ ನಕ್ಷತ್ರವೊಂದರ ಕಡೆಗೆ ಟೆಲಿಸ್ಕೋಪು ತಿರುಗಿಸಿ, ಮೋಟಾರಿಲ್ಲದ ಬದಿಯ ಗುಂಡಿ ಹಿಡಿದೆ. ನಡುವಿನ ಗೆರೆ ಮಧ್ಯಕ್ಕೆ ಬಂತು. ಸ್ಕ್ರೂ ಬಿಗಿ ಮಾಡಿದೆ. ಮೊದಲ ಫೋಟೋದಲ್ಲಿ ನಕ್ಷತ್ರಗಳು ಸಾಸಿವೆ ಚೆಲ್ಲಿದ ಹಾಗೆ ಬಂದವು. ಸಾರ್ ನನ್ನ ಬೆನ್ನು ತಟ್ಟಿದರು.

ಆದರೆ ಅಲ್ಲಿ ರಾತ್ರಿ ಹೊತ್ತೇರಿದಂತೆ ಚಳಿ ಏರುತ್ತಲೇ ಇರುತ್ತದೆ. ಚಳಿಗೆ ಲೋಹ ಕುಗ್ಗುತ್ತದೆ, ಫೋಕಸ್ ಸರಿಯುತ್ತದೆ. ಅರ್ಧ ಗಂಟೆಗೆ ಸಾಸಿವೆ ಕಡಲೆಯಾಗುತ್ತದೆ. ಮತ್ತೆ ಮೋಡ ಬಿಟ್ಟು ಆ ಹೊಳೆಯುವ ನಕ್ಷತ್ರಕ್ಕೆ ಹೋಗಬೇಕು, ಜಾಲರಿ ಮುಚ್ಚಬೇಕು, ತಿರುಗಿಸಬೇಕು, ಮೋಡಕ್ಕೆ ಮರಳಬೇಕು. ಹೋಗಿ ಬರುವುದರಲ್ಲೇ ಅರ್ಧ ರಾತ್ರಿ ಕಳೆಯಿತು. ಬೆಳಗ್ಗೆ ನೋಡಿದರೆ ಉಪಯೋಗಕ್ಕೆ ಬರುವ ಫೋಟೋ ಎಷ್ಟು ಬೇಕಿತ್ತೋ ಅದರ ಕಾಲು ಭಾಗ.

"ಪರ್ವಾಗಿಲ್ಲ" ಎಂದರು ಸಾರ್, ಕೆಂಪಾದ ಕಣ್ಣು ಉಜ್ಜಿಕೊಳ್ಳುತ್ತ. "ಮೋಟರ್ ಬಿಸಾಕಿ. ನಮ್ ಸಂಗಣ್ಣ ಇದಾನಲ್ಲ."

ನಾನು ಬೆಟ್ಟದ ಅಂಚಿಗೆ ಹೋಗಿ ಸಿಗ್ನಲ್ ಹುಡುಕಿ ಶಾಂತಾಗೆ ಫೋನ್ ಮಾಡಿದೆ. "ಮಷಿನ್ನು ಫೇಲಾತು. ಎಲ್ಲಾ ನಾನs ಮಾಡಾಕತ್ತೇನಿ" ಎಂದೆ.

"ಚಲೋ ಆತು ತಗೋರಿ" ಎಂದಳು. "ಮಷಿನ್ನಿಗೆ ಏನಾಗಿತ್ತಂತ?"

"ಥಂಡಿ" ಎಂದೆ.

ಐದನೇ ಗೇಟು

ಆ ಮಧ್ಯಾಹ್ನ ನಾನೂ ಹಿಲ್ಮಾ ಅವರೂ ಅಡುಗೆಮನೆಯಲ್ಲಿದ್ದೆವು. ನಾವು ಕೋಳಿಯನ್ನೂ ತಿನ್ನುವುದಿಲ್ಲ ಎಂದಾಗ ಅವರು ಮೊದಲ ದಿನ ನಮಗೆ ಕಾಯಿಲೆ ಎಂದುಕೊಂಡಿದ್ದರು. ಆಮೇಲೆ ತಮ್ಮ ಊರಿನಿಂದ ತಂದ ಹಿಟ್ಟಿನ ಚೀಲ ಬಿಚ್ಚಿ ತೋರಿಸಿದರು. ಮೂಸಿ ನೋಡಿದೆ. ಸಜ್ಜೆ! ನಮ್ಮ ಸಜ್ಜೆ! ಅವರು ಅದರಲ್ಲಿ ಗಂಜಿ ತಿರುವುತ್ತಾರೆ. ನಾನು ರೊಟ್ಟಿ ಬಡಿದು ತೋರಿಸಿದೆ. ಅವರು ಶೇಂಗಾ ಚಟ್ನಿ ಹಚ್ಚಿಕೊಂಡು ಮೂರು ರೊಟ್ಟಿ ತಿಂದರು. ಸಾರ್ ಮಾತ್ರ ಒಂದು ಚೂರು ಬಾಯಿಗಿಟ್ಟು "ಗಟ್ಟಿಯಾಗಿದೆ" ಎಂದು ಅವಲಕ್ಕಿ ಡಬ್ಬಿಗೆ ಹೋದರು.

ನಡುವೆ ಒಬ್ಬ ಆಳು ಬಂದು ಹಿಲ್ಮಾಗೆ ಏನೋ ಹೇಳಿದ. ಅವರು ಕೈ ತೊಳೆದುಕೊಂಡು ನನ್ನ ಎದುರಿಗೆ ನಿಂತರು.

"ಸಂಗಣ್ಣ, ಹೇಗಿದ್ದೀಯಾ?"

"ಚೆನ್ನಾಗಿದ್ದೀನಿ. ನೀವು?"

"ನಾನು ಚೆನ್ನಾಗಿದ್ದೀನಿ. ದನಗಳು ಚೆನ್ನಾಗಿಲ್ಲ. ಬೆಳಗ್ಗೆ ಐದನೇ ಗೇಟು ಮುಚ್ಚಿದ್ದು ನೀನಾ?"

ಫೋನ್ ಮಾಡಲು ಹೋದಾಗ ಆ ದಾರಿಯಲ್ಲೇ ಹೋಗಿದ್ದೆ. ನಾವಿಬ್ಬರೂ ಪಿಕಪ್ ಹತ್ತಿ ಹೋದೆವು. ಗೇಟಿನ ಈ ಕಡೆ ನೀರಿನ ತೊಟ್ಟಿ. ಆ ಕಡೆ ನಲವತ್ತು ದನ, ಬಿಸಿಲಲ್ಲಿ, ನಾನು ಸುತ್ತಿದ ಸರಪಳಿಯನ್ನೇ ನೋಡುತ್ತ ನಿಂತಿದ್ದವು. ಒಂದೂ ಕೂಗುತ್ತಿರಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಹಿಲ್ಮಾ ಸರಪಳಿ ಬಿಚ್ಚಿದರು. ದನಗಳು ನಮ್ಮನ್ನು ಸವರಿಕೊಂಡೇ ನೀರಿಗೆ ಹೋದವು.

"ತೆರೆದಿತ್ತಲ್ಲ. ಮುಚ್ಚು ಅಂತ ನಿನಗೆ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ" ಎಂದೆ. "ನನಗೆ ಮುಚ್ಚಿದ್ದು ಗೊತ್ತೇ ಇಲ್ಲ. ಕೈಗೆ ರೂಢಿ. ಕೈ ತಾನೇ ಬಿಗಿ ಮಾಡುತ್ತೆ."

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ನನಗೆ ಕೇಳಿಸಿತು. ಗೇಟು ತೆರೆದಿದ್ದರೆ ತಾನೇ ದನ ಆ ಕಡೆಯಿಂದ ಈ ಕಡೆ ಬರುವುದು? ಅಡಿಯ ಸ್ಕ್ರೂ ಸಡಿಲ ಇದ್ದರೆ ತಾನೇ ಮೋಟಾರಿಗೆ ಫೋಕಸ್ ಕದಲಿಸಲು ಆಗುವುದು? ಹಗಲು ಸಡಿಲ ಇರುತ್ತಿತ್ತು, ಮೋಟಾರು ಓಡುತ್ತಿತ್ತು. ಸಂಜೆ ನಾನು ಬಂದು ಬಿಗಿ ಮಾಡುತ್ತಿದ್ದೆ. ಒಳಗೆ ಮೋಟಾರು ಸುಮ್ಮನೆ ಜಾರುತ್ತ ಗುಂಯ್ ಎನ್ನುತ್ತಿತ್ತು, ಪಾಪ, ಆ ದನಗಳ ಹಾಗೆ. ಥಂಡಿ ಅಲ್ಲ, ಸಾಫ್ಟ್‌ವೇರ್ ಅಲ್ಲ. ನಾನು.

ನಾಲ್ಕನೇ ಸಂಜೆ

ನಿಜ ಹೇಳುತ್ತೇನೆ, ಹೇಳದೆ ಇರಬಹುದು ಎಂದು ನನಗೆ ಅನ್ನಿಸಿತು. ಇವತ್ತು ಸಂಜೆ ಸ್ಕ್ರೂ ಮುಟ್ಟದೆ ಬಿಟ್ಟರೆ ಮೋಟಾರು ತಾನೇ ಸರಿಹೋಯಿತು ಎನ್ನುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ಬಿಗಿ ಮಾಡಿದರೆ ಇನ್ನೂ ಎರಡು ರಾತ್ರಿ ನಾನೇ ದೊಡ್ಡವನು. ಆದರೆ ಆ ಕಾಲು ಭಾಗದ ಫೋಟೋ, ಸಾರ್ ಕೆಂಪು ಕಣ್ಣು, ಟವೆಲು ಸುತ್ತಿದ ತಲೆ ನೆನಪಿಗೆ ಬಂದವು. ಉಳಿದಿರುವುದು ಎರಡೇ ರಾತ್ರಿ.

ಸಾರ್ ಮತ್ತು ವಾಣಿ ಮೇಡಂ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ.

"ನಮಸ್ಕಾರ ಸಾರ್. ಹೇಗಿದ್ದೀರಿ?"

ಸಾರ್ ಲೋಟ ಕೆಳಗಿಟ್ಟರು. "ಬೆಳಗ್ಗೆಯಿಂದ ಜೊತೇಲೇ ಇದೀವಲ್ಲೋ."

"ನಿದ್ದೆ ಆಯ್ತಾ ಸಾರ್? ಮನೇಲಿ ಅಮ್ಮಾವ್ರು ಆರಾಮಾ?"

"ಏನ್ ಮಾಡ್ದೆ ಹೇಳು."

"ಸ್ಕ್ರೂ ಬಿಗಿ ಮಾಡಿದ್ದು ನಾನs ರೀ ಸಾರ್. ದಿನಾ ಸಂಜಿಕ ನಾನs ಬಿಗಿ ಮಾಡೇನ್ರಿ" ಎಂದುಬಿಟ್ಟೆ. ಗಾಬರಿಯಾದರೆ ನನಗೆ ಬೆಂಗಳೂರು ಭಾಷೆ ಬರುವುದಿಲ್ಲ.

ವಾಣಿ ಮೇಡಂ ಎದ್ದು ಹೋಗಿ, ಟೆಲಿಸ್ಕೋಪಿನ ಅಡಿಯಲ್ಲಿ ಕೈಯಾಡಿಸಿ, ಸ್ಕ್ರೂ ಬಿಗಿ ಮಾಡಿ ಮೋಟಾರು ಓಡಿಸಿದರು. ಗುಂಯ್. ಕ್ಯಾಮೆರಾ ಕದಲಲಿಲ್ಲ. ಸಡಿಲ ಮಾಡಿ ಓಡಿಸಿದರು. ಕ್ಯಾಮೆರಾ ಮೆಲ್ಲನೆ ಮುಂದೆ ಬಂತು. ತಿರುಗಿ ನನ್ನನ್ನು ನೋಡಿದರು.

"ಹನ್ನೊಂದು ಸಲ ಸಾಫ್ಟ್‌ವೇರ್ ಹಾಕಿದೀನಿ ಸಂಗಣ್ಣ. ಹನ್ನೊಂದು ಸಲ. ಬೆಂಗಳೂರಿಗೆ ಬನ್ನಿ, ನಿಮ್ಮ ಒಂದು ಹಲ್ಲೂ ಉಳ್ಸಲ್ಲ ನಾನು."

ಸಾರ್ ಎದ್ದು ಮನೆಯ ಹತ್ತಿರದ ಗೇಟಿನವರೆಗೆ ನಡೆದು ಹೋದರು. ಅಲ್ಲಿ ಸ್ವಲ್ಪ ಹೊತ್ತು ಬೆನ್ನು ಮಾಡಿ ನಿಂತರು. ವಾಪಸು ಬಂದಾಗ ಅವರ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೋ ಎಂದು ನಾನು ಹೆದರಿದೆ. ನಗುತ್ತಿದ್ದರು.

"ಮೋಟರ್‌ಗೆ ಮಂಕಿ ಕ್ಯಾಪ್ ಹಾಕಿದ್ನಲ್ಲೋ ನಾನು" ಎಂದರು. "ಸರೋಜಂಗೆ ಹೇಳ್ಬೇಡ." ಆಮೇಲೆ ಗಂಭೀರವಾಗಿ ಹೇಳಿದರು: "ಇವತ್ತು ರಾತ್ರಿ ನೀನು ಟೆಲಿಸ್ಕೋಪ್ ಹತ್ರ ಬರೋ ಹಾಗಿಲ್ಲ. ಕೈ ಜೇಬಲ್ಲಿಟ್ಕೊಂಡು ಅಲ್ಲಿ ಮಂಚದ ಮೇಲೆ ಬಿದ್ಕೋ."

ನಾಲ್ಕನೇ ರಾತ್ರಿ

ಬಯಲಿನಲ್ಲಿ ಮಡಚುವ ಮಂಚ ಹಾಕಿ ನನ್ನನ್ನು ಮಲಗಿಸಿದರು. ಮೋಟಾರಿನ ಶಬ್ದ ಕೇಳುತ್ತಿತ್ತು. ಒಂಬತ್ತು ಸಲ ಗುಂಯ್. ಆಮೇಲೆ ವಾಣಿ ಮೇಡಂ ಕಿರುಚಿದರು: "ಬಾವಿ ಬಂತು ಅಂಕಲ್! ಮೆಟ್ಟಿಲು ಮೆಟ್ಟಿಲು!"

ಅರ್ಧ ಗಂಟೆಗೊಮ್ಮೆ, ಚಳಿ ಏರಿದ ಹಾಗೆಲ್ಲ, ಮೋಟಾರು ತಾನೇ ಎದ್ದು ಫೋಕಸ್ ಸರಿಮಾಡಿಕೊಳ್ಳುತ್ತಿತ್ತು. ಯಾರನ್ನೂ ಕರೆಯುತ್ತಿರಲಿಲ್ಲ. ಶಾಂತಾ ಕೇಳಿದ ಪ್ರಶ್ನೆ ಮತ್ತೆ ನನ್ನ ಎದೆ ಮೇಲೆ ಬಂದು ಕೂತಿತು.

ಸಾರ್ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. "ಅವಳು ನೋಡ್ಕೊಳ್ತಾಳೆ. ನಂಗೂ ಕೆಲ್ಸ ಇಲ್ಲ" ಎಂದರು. "ನೋಡೋ, ಅಲ್ನೋಡು, ಟ್ಯಾಂಕ್ ಹಿಂದೆ ಇತ್ತಲ್ಲ, ಅದೇ. ಬರಿಗಣ್ಣಿಗೇ ಎಷ್ಟು ಚೆನ್ನಾಗ್ ಕಾಣುತ್ತೆ."

"ಎಲ್ಲಿ ಸಾರ್?"

"ಅದೇ, ಆ ದೊಡ್ಡ ನಕ್ಷತ್ರದ ಎಡಕ್ಕೆ. ಬಿಳೀ ಪಂಜೆ ಹರಿದು ಹಾಕಿದ ಹಾಗೆ."

"ಎಲ್ಲಾ ಕಡೇನೂ ಹಾಗೇ ಇದೆ ಸಾರ್."

ಸಾರ್ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ನಿಂಗೆ ನಕ್ಷತ್ರ ಎಷ್ಟು ದಪ್ಪ ಕಾಣುತ್ತೆ?"

"ಎಲ್ಲರಿಗೂ ಕಾಣೋಷ್ಟೇ ಸಾರ್. ಮಂಡಕ್ಕಿ ಉಂಡೆ ಇದ್ದ ಹಾಗೆ. ಸುತ್ತ ಸ್ವಲ್ಪ ಉದುರ್ತಿರುತ್ತೆ."

"ಸಂಗಣ್ಣ, ಯಾವತ್ತಾದ್ರೂ ಕಣ್ಣು ಟೆಸ್ಟ್ ಮಾಡಿಸ್ಕೊಂಡಿದ್ದೀಯಾ?"

"ಪ್ರತಿ ವರ್ಷ ಸಾರ್. ನಮ್ಮಂಗಡೀಲೇ. ಕೊನೇ ಸಾಲಿನ ತನಕ ಒಂದಕ್ಷರ ತಪ್ಪಲ್ಲ."

"ಆ ಬೋರ್ಡ್ ನಿಂಗೆ ಬಾಯಿಪಾಠ ಅಲ್ವೇನೋ?"

ಹತ್ತೊಂಬತ್ತು ವರ್ಷ ದಿನಾ ಕೇಳಿದ ಬೋರ್ಡು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಲ್ಯಾಪ್‌ಟಾಪು, ಗಾಜು, ಸ್ಕ್ರೂ ಎಲ್ಲ ಹತ್ತಿರದ ಕೆಲಸ. ದೂರದ್ದನ್ನು ನಾನು ಯಾವತ್ತೂ ನೋಡಿಯೇ ಇರಲಿಲ್ಲ.

"ವಾಣೀ, ನಿನ್ನ ಕನ್ನಡಕ ಕೊಡಮ್ಮ ಒಂದ್ನಿಮಿಷ" ಎಂದು ಸಾರ್ ಕೂಗಿದರು.

ಮೇಡಂ ತಮ್ಮ ದೂರದ ಕನ್ನಡಕವನ್ನು ತೆಗೆದು ಕೊಟ್ಟರು. ಕೈಗೆ ಬಂದ ಕೂಡಲೇ ಗುರುತು ಸಿಕ್ಕಿತು. ಹೋದ ವರ್ಷ ಆ ಗಾಜು ಕೂರಿಸಿದವನು, ಆ ಸ್ಕ್ರೂ ಹಾಕಿದವನು ನಾನೇ. ಹಾಕಿಕೊಂಡು ಮಲಗಿದೆ.

ಏನು ಬರೆಯಲಿ? ಮಂಡಕ್ಕಿ ಉಂಡೆಗಳೆಲ್ಲ ಒಂದೇ ಸಲ ಉದುರಿ, ಒಂದೊಂದು ಕಾಳಿನ ಜಾಗದಲ್ಲಿ ಸೂಜಿಯ ಮೊನೆ ಚುಚ್ಚಿದಂತಾಯಿತು. ಅಷ್ಟು ನಕ್ಷತ್ರ ಇರುತ್ತವೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರು, ನಾಲ್ಕು ವರ್ಷದಿಂದ ಹೇಳುತ್ತಿದ್ದರು. ನಾನು ಫೋಟೋದಲ್ಲಿ ಮಾತ್ರ ಹಾಗೆ ಎಂದುಕೊಂಡಿದ್ದೆ. ದೊಡ್ಡ ನಕ್ಷತ್ರದ ಎಡಕ್ಕೆ, ಹರಿದ ಪಂಜೆಯ ಚೂರಿನಂತೆ, ನಮ್ಮ ಮೋಡ.

"ಕಂಡ್ತಾ?" ಎಂದರು ಸಾರ್.

"ಕಾಣಾಕತ್ತೈತ್ರೀ" ಎಂದೆ.

ಸ್ವಲ್ಪ ಹೊತ್ತಾದ ಮೇಲೆ ನೆನಪಾಗಿ "ಮೇಡಂ, ನಿಮ್ಮ ಕನ್ನಡಕ" ಎಂದು ಎದ್ದೆ.

"ಇಟ್ಕೊಳ್ಳಿ ಸಂಗಣ್ಣ. ಲ್ಯಾಪ್‌ಟಾಪ್‌ಗೆ ನಂಗದು ಬೇಡ" ಎಂದರು ಮೇಡಂ. "ಸ್ಕ್ರೂ ಮಾತ್ರ ಮುಟ್ಬೇಡಿ."

ಬೆಳಗಾಗುವವರೆಗೆ ನಾನು ಮಲಗಿ ನೋಡಿದೆ. ಐದನೇ ರಾತ್ರಿಯೂ ನೋಡಿದೆ. ಹಿಲ್ಮಾ ಒಮ್ಮೆ ಕಾಫಿ ತಂದು ಕೊಟ್ಟು, ನನ್ನನ್ನು ವಿಚಾರಿಸಿ, ನಾನು ಯಾವುದಕ್ಕೂ ಸರಿಯಾಗಿ ಉತ್ತರ ಕೊಡಲಿಲ್ಲವೆಂದು ತಲೆ ಕೊಡವಿಕೊಂಡು ಹೋದರು.

ಜಯನಗರ, ನಾಲ್ಕನೇ ಬ್ಲಾಕು

ಎರಡು ರಾತ್ರಿಯಲ್ಲಿ ಬೇಕಾದಷ್ಟು ಫೋಟೋ ಸಿಕ್ಕವು. ಎಲ್ಲವನ್ನೂ ಸೇರಿಸಿ ಮಾಡಿದ ಒಂದು ದೊಡ್ಡ ಫೋಟೋ ಈಗ ಬನಶಂಕರಿಯಲ್ಲಿ ಸಾರ್ ಅವರ ಮನೆಯ ಹಾಲಿನ ಗೋಡೆಯ ಮೇಲಿದೆ. ಪಕ್ಕದ ಮನೆಯವರನ್ನು ಕರೆದು ತೋರಿಸಿ, "ನಿಮ್ಮ ಟ್ಯಾಂಕ್ ಹಿಂದೆ ಇರೋದು ಇದೇ" ಎಂದರು. ಅವರು ಬಹಳ ಹೊತ್ತು ನೋಡಿ, "ನೀರಿಗೇನೂ ತೊಂದ್ರೆ ಇಲ್ವಲ್ಲ?" ಎಂದು ಕೇಳಿ ಹೋದರು.

ಶಾಂತಾಗೆ ಎಲ್ಲ ಹೇಳಿದೆ, ಥಂಡಿಯ ವಿಷಯವನ್ನೂ ತಿದ್ದಿ ಹೇಳಿದೆ. ಮರುದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಪರೀಕ್ಷೆಯ ಕುರ್ಚಿಯಲ್ಲಿ ಕೂತೆ. ಮಾಲೀಕರು ದೀಪ ಹಾಕಿ, "ಶುರು ಮಾಡು ಸಂಗಣ್ಣ" ಎಂದರು, ಲೆಕ್ಕಕ್ಕೆ ಕೇಳುವ ಹಾಗೆ, ನನ್ನ ಕಡೆ ನೋಡದೆ.

"ಬೋರ್ಡ್ ಬದಲಾಯಿಸಿ ಸಾರ್" ಎಂದೆ. "ಆ ಇನ್ನೊಂದು ಹಾಕಿ."

ಅದು ಇಂಗ್ಲಿಷ್ ಓದಲು ಬಾರದವರಿಗಾಗಿ ಇಟ್ಟಿರುವ ಬೋರ್ಡು. ಅದರಲ್ಲಿ ಅಕ್ಷರ ಇಲ್ಲ. ಮೂರು ಕಾಲಿನ ಗುರುತು ಬೇರೆ ಬೇರೆ ದಿಕ್ಕಿಗೆ ತಿರುಗಿರುತ್ತದೆ, ಕಾಲು ಯಾವ ಕಡೆಗಿದೆ ಎಂದು ಬೆರಳಲ್ಲಿ ತೋರಿಸಬೇಕು. ನಾನು ಊರಿನಿಂದ ಬಂದ ಮೊದಲ ದಿನ ನನ್ನ ಮುಂದೆ ಹಾಕಿದ್ದು ಅದನ್ನೇ. ಆವತ್ತಿನ ನಾಚಿಕೆಗೆ ಆಮೇಲೆ ಆ ಬೋರ್ಡಿನ ಕಡೆ ನಾನು ತಿರುಗಿಯೂ ನೋಡಿರಲಿಲ್ಲ.

"ನಿಂಗ್ಯಾಕೋ ಅದು? ನೀನು ಎಸ್ಸೆಸ್ಸೆಲ್ಸಿ ಪಾಸು" ಎಂದರು ಮಾಲೀಕರು.

"ಇರ್ಲಿ ಸಾರ್, ಹಾಕಿ."

ಮೊದಲನೇ ಸಾಲು ಬಲಕ್ಕೆ, ಮೇಲಕ್ಕೆ ಎಂದು ತೋರಿಸಿದೆ. ಎರಡನೇ ಸಾಲೂ ಆಯಿತು. ಮೂರನೇ ಸಾಲಿನಲ್ಲಿ ಕಾಲುಗಳು ಒಂದಕ್ಕೊಂದು ಅಂಟಿಕೊಂಡು ಸುತ್ತ ಉದುರತೊಡಗಿದವು. ಎತ್ತಿದ ಬೆರಳನ್ನು ಇಳಿಸಿ ಮಡಿಲಲ್ಲಿ ಇಟ್ಟುಕೊಂಡೆ.

"ಇಲ್ಲಿಂದ ಮುಂದಕ್ಕೆ ಕಾಣಲ್ಲ ಸಾರ್" ಎಂದೆ.